ಹೆಬ್ಬೆಟ್ಟಿನ ಗುರುಗಳು

ನಾನು ತಜ್ಞನಾದದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದಕ್ಕೆ. ಅಲ್ಲಿಯವರೆಗೆ ನಾನು ಬೀಳಗಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟು, ಹದಿನಾಲ್ಕನೇ ತಿಂಗಳಿಗೆ ಬಾಗಿಲು ಹಾಕಿ, ಯಂತ್ರವನ್ನು ಅರ್ಧ ಬೆಲೆಗೆ ಮಾರಿದ ಮನುಷ್ಯನಾಗಿದ್ದೆ. ಕಾಲೇಜಿನವರ ಆಮಂತ್ರಣ ಪತ್ರಿಕೆಯಲ್ಲಿ ಅದೇ ಮನುಷ್ಯ ‘ಸರಣಿ ಉದ್ಯಮಿ ಹಾಗೂ ಮಾರ್ಗದರ್ಶಕರು’ ಆಗಿದ್ದ. ಸರಣಿ ಯಾಕಪ್ಪಾ ಎಂದು ಕೇಳಿದೆ.

“ಝೆರಾಕ್ಸ್‌ಕಿಂತ ಮೊದಲ ನೀವು ಕುರಿ ಸಾಕಿದ್ರೆಲ್ರೀ ಸರ, ಅದನ್ನೂ ಹಿಡದೇವಿ.”

ಒಂದು ಸಲ ಮುಳುಗಿದರೆ ದಿವಾಳಿ, ಎರಡು ಸಲ ಮುಳುಗಿದರೆ ಸರಣಿ. ಕುರಿಗಳಿಗೆ ಬಂದ ರೋಗದ ಮಾತು ಪತ್ರಿಕೆಯಲ್ಲಿ ಇರಲಿಲ್ಲ.

ಕಾರ್ಯಕ್ರಮದ ವಿಷಯ, ವಿದ್ಯಾರ್ಥಿಗಳ ಉದ್ಯಮ ಚಿಂತನೆಗೆ ತಜ್ಞರ ನೆಟ್‌ವರ್ಕ್. ನಮ್ಮ ಕಡೆ ನೆಟ್‌ವರ್ಕ್ ಅಂದರೆ ಫೋನು ಹಿಡಿದು ಮಾಳಿಗೆ ಹತ್ತುವುದು. ಈಗ ವೇದಿಕೆ ಹತ್ತುವುದೂ ಅದೇ ಆಗಿದೆ. ಮೇಲೆ ಏಳು ಜನ ತಜ್ಞರು, ಕೆಳಗೆ ಐಡಿಯಾ ಇದ್ದ ಮೂವರು ಹುಡುಗಿಯರು. ಉಳಿದ ಇನ್ನೂರು ಮಕ್ಕಳನ್ನು ಹಾಜರಿ ಕೊಡುತ್ತೇವೆಂದು ಕೂಡಿಸಿದ್ದರು.

ಮೊದಲು ಎದ್ದವರು ಕೋಟು ತೊಟ್ಟ ಪ್ರೇರಣಾ ಭಾಷಣಕಾರರು. ರನ್ನನಿಂದ ಶುರುಮಾಡಿದರು. ಮುಧೋಳದ ರನ್ನನೇ ಈ ಸೀಮೆಯ ಮೊದಲ ಸ್ಟಾರ್ಟಪ್, ಚಾವುಂಡರಾಯ ಮೆಂಟರ್, ಅತ್ತಿಮಬ್ಬೆ ಏಂಜೆಲ್ ಇನ್ವೆಸ್ಟರ್, ಚಕ್ರವರ್ತಿ ತೈಲಪ ಸೀರೀಸ್ ಎ. ಚಪ್ಪಾಳೆ. ರನ್ನ ಬಳೆಗಾರರ ಮನೆಯ ಹುಡುಗ ಹೌದು. ಶ್ರವಣಬೆಳಗೊಳದ ತನಕ ಹೋಗಿ ಅಜಿತಸೇನಾಚಾರ್ಯರ ಕಾಲ ಹತ್ತಿರ ಕೂತದ್ದೂ ಹೌದು. ಆದರೆ ಕೂತದ್ದು ವಿದ್ಯೆ ಕಲಿಯಲಿಕ್ಕೆ, ಸೆಲ್ಫಿಗಲ್ಲ. ಅತ್ತಿಮಬ್ಬೆಯಂತೂ 993ರಲ್ಲಿ ಅವನಿಂದ ಅಜಿತಪುರಾಣ ಬರೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. “ಪಿಪಿಟಿ ಕಳಿಸಿರು, ನೋಡೂಣು” ಅಂದ ಹೆಣ್ಣುಮಗಳಲ್ಲ.

ಬೆಂಗಳೂರಿನಲ್ಲಿ ನೆಲೆಸಿದ ನಮ್ಮೂರಿನವರೊಬ್ಬರು ಪರದೆಯ ಮೇಲೆ ಬಂದರು. “ಯಶಸ್ಸಿನ ಗುಟ್ಟು ಏನಂದರೆ” ಎಂದು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಇಪ್ಪತ್ತು ನಿಮಿಷ ನಾವೆಲ್ಲ ಆ ತೆರೆದ ಬಾಯಿಯನ್ನು ಗೌರವದಿಂದ ನೋಡಿದೆವು. ಅವತ್ತಿನ ಭಾಷಣಗಳಲ್ಲಿ ತಪ್ಪಿಲ್ಲದ್ದು ಅದೊಂದೇ.

ಎರಡು ತಾಸಿನ ಮೇಲೆ ಹುಡುಗಿಯರಿಗೆ ನಾಲ್ಕು ನಿಮಿಷ ಸಿಕ್ಕಿತು. ಅವರಲ್ಲಿ ಒಬ್ಬಳ ಮನೆಯಲ್ಲಿ ಮಹಾಲಿಂಗಪುರದ ಕಡೆ ಗಾಣವಿದೆ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಹಳೆಯ ಹುಣಸೆಹಣ್ಣಿನ ಬಣ್ಣದ ಬೆಲ್ಲ, ಚಹಾಕ್ಕೆ ಒಂದೊಂದೇ ಹಾಕುವಂಥ ಸಣ್ಣ ಚೌಕದ ತುಂಡುಗಳು. ಪ್ಯಾಟಿಯ ಬೆಲ್ಲ ಹಳದಿ ಆಗುವುದು ಹೈಡ್ರೋಸ್ ಪುಡಿಯಿಂದ. ಅದನ್ನು ಬಿಟ್ಟು, ಬೆಂಡಿ ಗಿಡದ ಲೋಳೆಯಿಂದಲೇ ಹೊಲಸು ತೆಗೆದರೆ ಬಣ್ಣ ಹೀಗೆ ಬರುತ್ತದೆ. ಸವಾಲಿನಲ್ಲಿ ಹಳದಿಗೆ ಇರುವ ರೇಟು ಕರಿಗೆ ಇಲ್ಲ, ಅದಕ್ಕೇ ಪ್ಯಾಕೆಟ್ ಮಾಡಿ ತಾವೇ ಮಾರಬೇಕೆಂದಿದ್ದಾರೆ. ಇಷ್ಟನ್ನೂ ಮೂರು ನಿಮಿಷದಲ್ಲಿ ಹೇಳಿ, ನಾಲ್ಕನೆಯದರಲ್ಲಿ ಕೇಳಿದಳು:

“ಮಳಿಗಾಲದಾಗ ಪ್ಯಾಕೆಟ್‌ನ್ಯಾಗ ನೀರು ಒಡೀತೈತ್ರಿ. ಏನ್ ಮಾಡೂದ್ರಿ?”

ವೇದಿಕೆಯ ಮೇಲೆ ಮೌನ. ಕೋಟಿನವರು, “ಗುಡ್ ಕ್ವಶ್ಚನ್. ನೀವು ಮೊದಲು ಬೆಲ್ಲ ಅಲ್ಲ, ಕನಸು ಮಾರಬೇಕು” ಎಂದರು. ಕನಸು ಮಳೆಗಾಲದಲ್ಲಿ ನೀರೊಡೆಯುವುದಿಲ್ಲ, ಸರಿ. ನಿವೃತ್ತ ಬ್ಯಾಂಕಿನವರು ಬೆಲ್ಲದ ಮಾತು ಬಿಟ್ಟು ಅಪ್ಪನ ಹೊಲದ ಉತಾರ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿದರು.

ಸಹಾಯಧನದ ತಜ್ಞರು ಮಾತ್ರ ಕಾಗದಪತ್ರ ತಂದಿದ್ದರು. ಸಣ್ಣ ಆಹಾರ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಪಿಎಂಎಫ್‌ಎಂಇ ಎಂಬ ಯೋಜನೆ ತಂದಿದೆ, ಶೇ 35 ಸಹಾಯಧನ, 10 ಲಕ್ಷದವರೆಗೆ ಎಂದರು. ಹುಡುಗಿಯರು ಬರೆದುಕೊಂಡರು. “ಆದ್ರ ಒಂದು ಜಿಲ್ಲಾಕ ಒಂದ ಪದಾರ್ಥ ಅದರಾಗ. ಬೆಳಗಾವಿಗೆ ಬೆಲ್ಲ, ನಮ್ಮ ಬಾಗಲಕೋಟಿಗೆ ಉಳ್ಳಾಗಡ್ಡಿ. ನೀವು ಉಳ್ಳಾಗಡ್ಡಿ ಯಾಕ ಮಾಡಬಾರ್ದು?” ಬೆಲ್ಲದ ಪ್ಯಾಟಿ ಎಂದೇ ಹೆಸರಾದ ಮಹಾಲಿಂಗಪುರ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಅಲ್ಲಿಂದ ಬೈಕು ಹತ್ತಿದರೆ ಬೆಳಗಾವಿ ಗಡಿ ಅರ್ಧ ತಾಸೂ ಇಲ್ಲ. ಆದರೆ ಯಾದಿ ಮಾಡಿದವರಿಗೆ ನಮ್ಮನ್ನು ನೋಡಿದರೆ ಕಣ್ಣಲ್ಲಿ ನೀರು ಬಂದಿರಬೇಕು.

ನನ್ನ ಸರದಿ. ನನಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಆಗಲೇ ತಲೆಯ ಮೇಲೆ ಪೇಟಾ ಕೂತಿತ್ತು. “ನೆಟ್‌ವರ್ಕ್ ಬೆಳೆಸ್ರಿ” ಎಂದೆ. ನನಗೂ ಚಪ್ಪಾಳೆ ಬಿತ್ತು.

ಸನ್ಮಾನದ ಲೆಕ್ಕ ಹೇಳಲೇಬೇಕು. ಏಳು ಶಾಲು, ಏಳು ಪೇಟಾ, ಏಳು ಗಂಧದ ಬಣ್ಣ ಬಳಿದ ಫಲಕ. ಸಣ್ಣ ಆಹಾರ ಉದ್ಯಮದ ನೋಂದಣಿಗೆ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಆ ಹಾರ-ತುರಾಯಿಯ ದುಡ್ಡಿನಲ್ಲಿ ಹುಡುಗಿಯರು ತಮ್ಮ ಮೊಮ್ಮಕ್ಕಳ ಕಾಲದ ನೋಂದಣಿಯನ್ನೂ ಮಾಡಿಸಿ ಇಡಬಹುದಿತ್ತು.

ಚಹಾ ಕುಡಿಯಲು ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಪಟಗ ಸುತ್ತಿದ ಮುದುಕ ಕೂತಿದ್ದ, ಆ ಹುಡುಗಿಯ ಮುತ್ಯಾ. ಡಬ್ಬಿ ಕಾಯಲು ಬಂದವನು. ಮಾತಿಗೆ ಮಾತು ಬಂದು ನೀರೊಡೆಯುವ ಸುದ್ದಿ ತೆಗೆದೆ.

“ಎಳೀ ಕಬ್ಬು ಆಡಿಸಿದ್ರ ಒಡೀತೈತ್ರಿ. ಪಾಕಾ ಸ್ವಲ್ಪ ಬಿಗೀ ಹಿಡೀಬೇಕು.” ಬೆರಳಿನಲ್ಲೇ ತೋರಿಸಿದ. ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಡಬೇಕು, ಉಂಡೆ ಕಟ್ಟಿ ಕೊಪ್ಪರಿಗೆಯ ಅಂಚಿಗೆ ಹೊಡೆಯಬೇಕು. ಟಣ್ ಅಂದರೆ ಇಳಿಸು, ತಪ್ ಅಂದರೆ ಇನ್ನೊಂದು ಉರಿ ಕೊಡು. “ಪ್ಯಾಕೆಟ್ ಎಂಥಾದು ಬೇಕೋ ನನಗ ತಿಳಿಯಂಗಿಲ್ಲ. ಅದನ್ನ ನಿಮ್ಮಂಥಾ ಸ್ಯಾಣ್ಯಾರು ಹೇಳಬೇಕು.”

ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದವನು ಆ ದಿನ ಅವನೊಬ್ಬನೇ. ಅದಕ್ಕೇ ಅವನಿಗೆ ಶಾಲು ಇರಲಿಲ್ಲ.

ಅವನ ಅರ್ಧ ಉತ್ತರದ ಇನ್ನರ್ಧ ಎಲ್ಲೋ ಲಂಡನ್ನಿನಲ್ಲಿಲ್ಲ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬಿನ ಸಂಶೋಧನಾ ಕೇಂದ್ರ ಇದೆ. ಬಸ್ಸು ಹತ್ತಿದರೆ ಅವತ್ತೇ ಮುಟ್ಟಬಹುದು. ಆ ಎರಡು ಹೆಸರು ನಮ್ಮ ಏಳು ಬಾಯಿಗಳಲ್ಲಿ ಒಂದರಿಂದಲೂ ಬರಲಿಲ್ಲ. ನಾನು ಮನೆಗೆ ಬಂದು ಗೂಗಲ್ ಮಾಡಿದ ಮೇಲೆ ತಿಳಿದದ್ದು. ತಿಳಿದ ಮೇಲೂ ಹೇಳಲಿಲ್ಲ. ವೇದಿಕೆಯ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ?

ಸಂಜೆಗೆ ವಾಟ್ಸ್ಆ್ಯಪ್ ಗುಂಪು ಹುಟ್ಟಿತು. ಶುಭೋದಯ, ಕಲಾಂ ಅವರು ಎಂದೂ ಹೇಳದ ಕಲಾಂ ನುಡಿಮುತ್ತು, ಯಾರದೋ ಗೃಹಪ್ರವೇಶ. ನಡುವೆ ಆ ಹುಡುಗಿ ಮತ್ತೆ ತನ್ನ ಪ್ರಶ್ನೆ ಹಾಕಿದಳು. ಆರು ತಜ್ಞರು ಹೆಬ್ಬೆಟ್ಟು ಎತ್ತಿದ ಚಿತ್ರ ಒತ್ತಿದರು. ದ್ರೋಣರ ಕಾಲದಲ್ಲಿ ಶಿಷ್ಯ ಹೆಬ್ಬೆಟ್ಟು ಕೊಡುತ್ತಿದ್ದ, ಈಗ ಗುರುಗಳೇ ಕೊಡುತ್ತಾರೆ. ಕಾಲ ಸುಧಾರಿಸಿದೆ.

ಏಳನೆಯವನಾದ ನಾನು ಹೆಚ್ಚಿನ ಕಾಳಜಿಯಿಂದ ಪ್ರಶ್ನೆಯನ್ನು ಬ್ಯಾಂಕಿನವರಿಗೆ ದಾಟಿಸಿದೆ. ಅವರು ತಮ್ಮ ಬೀಗರಿಗೆ, ಬೀಗರು ಪುಣೆಗೆ, ಪುಣೆಯವರು ಇನ್ನಾರಿಗೋ. ಹನ್ನೊಂದನೇ ದಿನ ಅಮೆರಿಕದಿಂದ ನನ್ನ ಅಕ್ಕನ ಮಗನ ಸಂದೇಶ: “ಮಾಮಾ, ನೀವು ಆ ಕಡೆಯವರಲ್ವಾ, ಬೆಲ್ಲದ ಬಗ್ಗೆ ಗೊತ್ತಿರೋರು ಯಾರಾದರೂ ಇದ್ದಾರಾ?” ಕೆಳಗೆ ಅದೇ ಪ್ರಶ್ನೆ, ಅದೇ ನೀರು. ನಾನೂ ಹೆಬ್ಬೆಟ್ಟು ಒತ್ತಿದೆ.

ಮರುವಾರ ಹುಡುಗಿ ಮನೆಗೆ ಬಂದಳು. ಕೈಯಲ್ಲಿ ಕಾಲೇಜಿನ ಫಾರ್ಮು. ಹತ್ತು ತಜ್ಞರನ್ನು ಭೇಟಿ ಮಾಡಿ ಹತ್ತು ಸಹಿ ತಂದರೆ ಹತ್ತು ಅಂಕ. ಒಂಬತ್ತು ಸಾಲು ತುಂಬಿದ್ದವು, ಏಳನೆಯದರಲ್ಲಿ ನಾನೇ ಇದ್ದೆ. ಹತ್ತನೆಯದರಲ್ಲಿ ಸಹಿಯ ಜಾಗಕ್ಕೆ ನೀಲಿ ಮಸಿಯ ದಪ್ಪ ಹೆಬ್ಬೆಟ್ಟು. ಗೆರೆಗಳ ನಡುವೆ ಹಳೆಯ ಸುಟ್ಟ ಗಾಯದ ಗುರುತೂ ಮೂಡಿತ್ತು.

“ಮುತ್ಯಾಂದ್ರಿ. ಸರ್ ಇದು ನಡಿಯಂಗಿಲ್ಲ ಅಂದ್ರು. ತಜ್ಞರ ಸಹೀನ ಬೇಕಂತ.”

ಹೆಬ್ಬೆಟ್ಟಿನ ಮೇಲೆ ಕೆಂಪು ಪೆನ್ನಿನ ಅಡ್ಡಗೆರೆ ಇತ್ತು. ಪಕ್ಕದ ಸ್ವಲ್ಪ ಖಾಲಿ ಜಾಗದಲ್ಲಿ ನಾನು ಇನ್ನೊಂದು ಸಲ ಸಹಿ ಮಾಡಿದೆ, ಸರಣಿ ಉದ್ಯಮಿ ಎಂದು.