ನಿಂತಲ್ಲೇ ನಡುಗುವ ಕಾರು

"ಏನ್ ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಬಾನೆಟ್ ಎತ್ಕೊಂಡು ನಿಂತಿದ್ದೀರಿ?"

ಬೇಲಿಯಾಚೆ ಅವರ 1996ರ ಮಾರುತಿ 800 ನಿಂತಲ್ಲೇ ನಡುಗುತ್ತಿತ್ತು. ಹಿಂದಿನ ನಂಬರ್ ಪ್ಲೇಟು ಗಡಗಡ ಅನ್ನುತ್ತಿತ್ತು. "ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಅಂದ್ರು, ಮಾಡಿಸ್ದೆ. ನಡುಕ ಹಾಗೇ ಇದೆ" ಅಂದರು ಬೇಸರದಿಂದ.

ಚಕ್ರ ತಿರುಗುತ್ತಲೇ ಇಲ್ಲವಲ್ಲ, ಅದರ ಮೇಲೇಕೆ ಅನುಮಾನ? ಓಡುವಾಗ ಅದುರಿದರೆ ಚಕ್ರ ನೋಡಬೇಕು. ನಿಂತಾಗ ಅದುರಿದರೆ ಎಂಜಿನ್ ನೋಡಬೇಕು, ಇಲ್ಲವೇ ಎಂಜಿನ್ನನ್ನು ಹೊತ್ತ ರಬ್ಬರ್ ನೋಡಬೇಕು. ಮೆಕ್ಯಾನಿಕ್‌ಗಳು ಫೌಂಡೇಶನ್ ಅನ್ನುತ್ತಾರಲ್ಲ, ಅದು.

ಈ ಮಾತು ನಾನು ದುಡ್ಡು ಕೊಟ್ಟು ಕಲಿತದ್ದು. ನನ್ನ ಹಳೇ ಕಾರು ಹೀಗೇ ನಡುಗಿದಾಗ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿ, ಸ್ಲೋ ಸ್ಪೀಡ್ ಸ್ಕ್ರೂ ತಿರುಗಿಸಿ ಕಳಿಸಿದರು. ರೇಸ್ ಏರಿತು, ನಡುಕ ಮಾಯವಾಯಿತು. ತಿಂಗಳು ಕಳೆಯುವಷ್ಟರಲ್ಲಿ ಪೆಟ್ರೋಲ್ ಖರ್ಚು ಏರಿತ್ತು. ಜ್ವರದ ಮಗುವಿಗೆ ಕಂಬಳಿ ಹೊದಿಸಿ ಗುಣವಾಯಿತು ಅಂದ ಹಾಗೆ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಎಂಜಿನ್ ಕೆಳಗೆ ಹಲಗೆ ಇಟ್ಟು, ಜಾಕಿನಿಂದ ಒಂಚೂರು ಎತ್ತಿ ತೋರಿಸಿದರು: ಫೌಂಡೇಶನ್ ರಬ್ಬರ್ ಉದ್ದಕ್ಕೂ ಸೀಳಿತ್ತು.

"ಹಾಗಾದ್ರೆ ನಂದೂ ಅದೇನಾ?" ಅಂದರು ಮೇಷ್ಟ್ರು.

"ನಿಲ್ಲಿ, ಮೊದಲು ಕೇಳೋಣ."

ಬೇಲಿ ದಾಟಿ ಹೋಗಿ ಸೈಲೆನ್ಸರ್ ಬಾಯಿಗೆ ಒಂದು ಕಾಗದ ಹಿಡಿದೆ. ಈ ಎಂಜಿನ್ನಿಗೆ ಮೂರು ಸಿಲಿಂಡರ್, 796 ಸಿಸಿ. ಎರಡು ಸುತ್ತಿಗೆ ಪ್ರತಿ ಸಿಲಿಂಡರ್ ಒಂದೊಂದು ಸಲ ಉರಿಯುತ್ತದೆ. ನಿಮಿಷಕ್ಕೆ 900 ಸುತ್ತು ಅಂತಿಟ್ಟುಕೊಂಡರೆ 1350 ಪೆಟ್ಟು. ಒಂದೇ ಒರಳಿಗೆ ಮೂವರು ಹೆಂಗಸರು ಒನಕೆ ಹಾಕಿದ ಹಾಗೆ ಲಯ ಇರಬೇಕು. ಒಬ್ಬಳ ಒನಕೆ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ರಬ್ಬರ್ ಮಾತ್ರ ಹೋಗಿದ್ದರೆ ಒಳಗೆ ಎಷ್ಟು ಅದುರಿದರೂ ಹೊಗೆಯ ಲಯ ಕೆಡುವುದಿಲ್ಲ. ಇಲ್ಲಿ ಕಾಗದ ಎಡವುತ್ತಿತ್ತು. ಅಂದರೆ ಮಿಸ್ಸಿಂಗ್.

ಎಂಜಿನ್ ನಿಲ್ಲಿಸಿ ಮೂರೂ ಪ್ಲಗ್ ಬಿಚ್ಚಿದೆವು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಂತ, ಎಣ್ಣೆಯಲ್ಲಿ ನೆನೆದಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ ಅಂತ. ಎರಡೂ ಇಲ್ಲ. ಬದಲಿಗೆ ತುದಿ ಬೆಳ್ಳಗಾಗಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನುವುದಕ್ಕೆ ಅದೇ ಗುರುತು.

ಈ ಗಾಳಿ ಎಲ್ಲಿಂದ ಬರುತ್ತಿದೆ? ಪ್ಲಗ್ ಹಾಕಿ ಮತ್ತೆ ಸ್ಟಾರ್ಟ್ ಮಾಡಿಸಿದೆ. ಗಿಡಕ್ಕೆ ನೀರು ಬಿಡುವ ಪೈಪಿನ ತುಂಡೊಂದನ್ನು ಕಿವಿಗಿಟ್ಟು, ಫ್ಯಾನಿಗೆ ಸಿಗದಂತೆ ಅದರ ಇನ್ನೊಂದು ತುದಿಯನ್ನು ಕಾರ್ಬುರೇಟರ್ ಸುತ್ತ ಆಡಿಸಿದೆ. ಒಂದು ಕಡೆ ಸುಯ್ ಅಂತ ಸಣ್ಣ ಸದ್ದು. ಬಿಸಿಲು, ಬಿಸಿಗೆ ಒಣಗಿ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್! ಆಕ್ಸಿಲರೇಟರ್ ಒತ್ತದೆ ಇದ್ದಾಗ ಗಾಳಿಯ ಬಾಗಿಲು ಬಹುಪಾಲು ಮುಚ್ಚಿರುತ್ತದೆ, ಒಳಗಿನ ಎಳೆತ ಜೋರಾಗಿರುತ್ತದೆ. ಆಗ ಕೂದಲೆಳೆಯಷ್ಟು ಬಿರುಕೂ ಲಯ ಕೆಡಿಸುತ್ತದೆ. ರೇಸ್ ಕೊಟ್ಟರೆ ಗಾಳಿ ಹೇಗೂ ಧಾರಾಳವಾಗಿ ಬರುವುದರಿಂದ ಈ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಸ್ಕ್ರೂ ತಿರುಗಿಸಿದರೆ ಈ ರೋಗವೂ ಅಡಗಿ ಕೂರುವುದು ಇದಕ್ಕೇ.

ಬಿರುಕಿನ ಮೇಲೆ ಬೆರಳು ಒತ್ತಿದೆ. ನಂಬರ್ ಪ್ಲೇಟು ಸುಮ್ಮನಾಯಿತು.

ಮೇಷ್ಟ್ರು ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟು ನೋಡಿದರು. "ಇನ್ನೂ ಒಂಚೂರು ಅದುರ್ತಾ ಇದೆಯಲ್ಲಪ್ಪಾ?"

"ಅದು ಮೂರು ಸಿಲಿಂಡರಿನ ಹುಟ್ಟುಗುಣ ಮೇಷ್ಟ್ರೇ. ಅಷ್ಟು ಇರಲಿ. ಆ ನಡುಕದ ಗುರುತು ಕೈಗೆ ಇದ್ದರೇ ನಾಳೆ ಬೇರೆ ನಡುಕ ಬಂದಾಗ ಗೊತ್ತಾಗೋದು."