ಬೇಸ್‌ಮೆಂಟಿನಲ್ಲಿ ಬಟವಾಡೆ ಬಂದ್

ದೊಡ್ಡ ಕಂಪನಿಗಳ ಪುಕ್ಕಟೆ ಇಮೇಲ್ ಎಂದರೆ ನಮ್ಮವರಿಗೆ ಆಗದು. "ನಮ್ಮ ಕಾಗದ ನಮ್ಮ ಮನೇಲೇ ಇರ್ಬೇಕು" ಎಂದು ನ್ಯೂಜೆರ್ಸಿಯ ಈ ಮನೆಯ ಬೇಸ್‌ಮೆಂಟಿನಲ್ಲಿ ಹಳೇ ಕಂಪ್ಯೂಟರಿಗೆ ಲಿನಕ್ಸ್ ತುಂಬಿ, ಮನೆಮಂದಿಗೆಲ್ಲ ಅಲ್ಲಿಂದಲೇ ವಿಳಾಸ ಹಂಚಿದ್ದಾರೆ. ಯಾರ ಹಂಗೂ ಬೇಡವೆಂದು ಮಾಡಿದ ಈ ಏರ್ಪಾಡಿನಿಂದ ನಾವೆಲ್ಲ ಅವರೊಬ್ಬರ ಹಂಗಿಗೆ ಬಿದ್ದಿದ್ದೇವೆ.

ಯುಗಾದಿಗೆ ಮುಂಚಿನ ಶನಿವಾರ, ಮಗು ಮಲಗಿದೆಯೆಂದು ಅತ್ತೆ ಚಟ್ನಿ ರುಬ್ಬಲು ಮಿಕ್ಸಿ ಎತ್ತಿಕೊಂಡು ಬೇಸ್‌ಮೆಂಟಿಗೆ ಇಳಿದರು. ಅಲ್ಲಿ ಚಳಿಗೆಂದು 1,500 ವಾಟಿನ ಹೀಟರ್ ಆಗಲೇ ಉರಿಯುತ್ತಿತ್ತು. ಜೊತೆಗೆ 550 ವಾಟಿನ ಮಿಕ್ಸಿ. ಇಲ್ಲಿನ 120 ವೋಲ್ಟಿನಲ್ಲಿ ಎರಡೂ ಸೇರಿದರೆ 17 ಆಂಪಿಯರ್; ನಮ್ಮ ಬ್ರೇಕರಿನ ಮಿತಿ 15. ಟಪ್ಪೆಂದಿತು. ಬ್ರೇಕರ್ ಎತ್ತಿದ ಮೇಲೆ ಹೀಟರ್ ಎದ್ದಿತು, ಸರ್ವರ್ ಎದ್ದಿತು, ಚಟ್ನಿಯೂ ಆಯಿತು. ಇಮೇಲ್ ಮಾತ್ರ ಯಾರ ಫೋನಿನಲ್ಲೂ ತೆರೆಯಲಿಲ್ಲ.

ಅದೂ ಎಂಥ ದಿನ! ಕನ್ನಡ ಕೂಟದ ಯುಗಾದಿ ಊಟಕ್ಕೆ ಯಾರು ಏನು ತರಬೇಕೆಂಬ ಪಟ್ಟಿ ಬರುವುದಿತ್ತು. ಬೇಗ ಉತ್ತರಿಸಿದವರಿಗೆ ಪೇಪರ್ ತಟ್ಟೆ, ಹೆಚ್ಚೆಂದರೆ ಕೋಸಂಬರಿ. ಸುಮ್ಮನಿದ್ದವರ ತಲೆಗೆ ಒಬ್ಬಟ್ಟು.

ನಮ್ಮವರು ಪಾಸ್‌ವರ್ಡ್ ಬದಲಿಸಿದರು, ಫೈರ್‌ವಾಲನ್ನು ಬೈದರು, ಇರಲಿ ಎಂದು ಇನ್ನೊಮ್ಮೆ ರೀಬೂಟ್ ಮಾಡಿದರು. ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದ ಮಾವ ಮೆಟ್ಟಿಲ ಮೇಲಿಂದಲೇ ಕೇಳಿದರು: "ಟಪಾಲು ಬರೋದೇ ನಿಂತಿದೆಯೇನೋ, ಇಲ್ಲ ಬಟವಾಡೆ ಮಾತ್ರ ನಿಂತಿದೆಯೋ?"

"ಅದು ಹಾಗಲ್ಲಪ್ಪಾ..." ಎಂದವರು ಅಲ್ಲೇ ತಡೆದರು. ಹೊರಗಿನಿಂದ ಬಂದ ಪತ್ರ ಇಳಿಸಿಕೊಳ್ಳುವುದು ಪೋಸ್ಟ್‌ಫಿಕ್ಸ್, ಅದನ್ನು ನಮ್ಮ ಫೋನಿಗೆ ಕೊಡುವುದು ಡವ್‌ಕಾಟ್. ಲಾಗ್ ತೆಗೆದರೆ ಪೋಸ್ಟ್‌ಫಿಕ್ಸ್ ಪಾಪ, ಒಂದೊಂದಾಗಿ ಪತ್ರ ಇಳಿಸಿಕೊಳ್ಳುತ್ತಲೇ ಇದೆ! 993ನೇ ಪೋರ್ಟಿನಲ್ಲಿ ಮಾತ್ರ ಯಾರೂ ಇಲ್ಲ. 'ಕನೆಕ್ಷನ್ ರೆಫ್ಯೂಸ್ಡ್' ಎಂದು ಫೋನು ಬೆಳಗಿನಿಂದ ಹೇಳುತ್ತಿದ್ದುದೂ ಅದನ್ನೇ.

ಆಲ್ಮಾಲಿನಕ್ಸ್‌ನಲ್ಲಿ ಡವ್‌ಕಾಟ್ ಹಾಕಿದ ದಿನ 'ಸ್ಟಾರ್ಟ್' ಎಂದಿದ್ದರು, 'ಎನೇಬಲ್' ಎಂದಿರಲಿಲ್ಲ. ಸ್ಟಾರ್ಟ್ ಎಂದರೆ ಆ ಹೊತ್ತಿಗೆ ಏಳುತ್ತದೆ, ಅಷ್ಟೇ. ರೀಬೂಟ್ ಆದಾಗಲೆಲ್ಲ ತಾನಾಗಿ ಏಳಬೇಕಾದರೆ ಎನೇಬಲ್ ಬೇಕು. ಡೆಬಿಯನ್, ಉಬುಂಟುಗಳಲ್ಲಾದರೆ ಹಾಕುವಾಗಲೇ ಎರಡೂ ಆಗಿಬಿಡುತ್ತವಂತೆ. ಹೇಳಿದ ದಿನ ಮಾತ್ರ ಎದ್ದು ಕಸದ ಡಬ್ಬ ಹೊರಗಿಡುವ ಸ್ವಭಾವದವರು ಈ ಮನೆಯಲ್ಲಿ ಒಬ್ಬರಿದ್ದರು. ಡವ್‌ಕಾಟ್ ಸೇರಿ ಇಬ್ಬರಾದರು.

ಒಂದು ಸಾಲು ಕುಟ್ಟಿದ್ದೇ ತಡ, ಪತ್ರಗಳೆಲ್ಲ ದಡದಡನೆ ಬಂದವು. ಒಂದೂ ಕಳೆದಿರಲಿಲ್ಲ. ಕೂಟದ್ದೇ ಎರಡಿದ್ದವು: ಮೊದಲನೆಯದು ಪಟ್ಟಿ, ಎರಡನೆಯದು, ನಿಮ್ಮ ಉತ್ತರ ಬಾರದ ಕಾರಣ ನಿಮ್ಮ ಪಾಲಿಗೆ ನೂರು ಒಬ್ಬಟ್ಟು ಎಂಬ ತೀರ್ಮಾನ.

ಮನೆಯಲ್ಲೇ ಇಮೇಲ್ ಸರ್ವರ್ ಸಾಕಿಕೊಂಡಿರುವ ಸೋದರಿಯರೇ, ಹಬ್ಬಕ್ಕೆ ಮುಂಚೆ 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಡವ್‌ಕಾಟ್' ಎಂದು ಯಂತ್ರವನ್ನೇ ಕೇಳಿಬಿಡಿ. ಗಂಡನನ್ನು ಕೇಳಿದರೆ ಎಲ್ಲಾ ಸರಿಯಾಗಿದೆ ಎಂದೇ ಹೇಳುತ್ತಾರೆ.