ಸಿರುಗುಪ್ಪವನ್ನು ಸಿರುಗುಪ್ಪ ಎಂದೇ ಬರೆಯಿರಿ

ಬೆಂಗಳೂರಿನ ಕನ್ನಡ ಪತ್ರಿಕೆಗಳ ಸಂಪಾದಕರಿಗೆ,



ರಾಜಧಾನಿಯ ಆಚೆಗಿರುವ ಊರುಗಳಿಗೆಲ್ಲ ಪತ್ರಿಕಾ ಕಚೇರಿಗಳಲ್ಲಿ ಒಂದೇ ಹೆಸರು: ಮೊಫಸಿಲ್. ದಯವಿಟ್ಟು ಆ ಪದವನ್ನು ಕೈಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಅರಬ್ಬಿ ಮೂಲದ ಈ ಮಾತು ಪಾರಸಿ, ಹಿಂದೂಸ್ತಾನಿಗಳನ್ನು ದಾಟಿ ಕಂಪನಿ ಸರ್ಕಾರದ ಇಂಗ್ಲಿಷಿಗೆ ಬಂತು. ಅಧಿಕಾರ ಕೂತ ಜಾಗ ಸದರ್, ಅದರ ಹೊರಗಿನದೆಲ್ಲ ಮೊಫಸಿಲ್. ಕಾನೂನೂ ಹಾಗೆಯೇ ಇಬ್ಭಾಗವಾಯಿತು. ಸಾಲಗಾರ ದಿವಾಳಿಯೆದ್ದರೆ ಕಲ್ಕತ್ತಾ, ಬೊಂಬಾಯಿ, ಮದ್ರಾಸು ನಗರಗಳಲ್ಲಿ 1909ರ ಕಾಯ್ದೆ, ಉಳಿದ ಪ್ರಾಂತ್ಯಗಳಲ್ಲಿ 1920ರದು.

1800ರಲ್ಲಿ ನಿಜಾಮನು ನಮ್ಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಂದಿನಿಂದ ನಾವು ಮದ್ರಾಸಿನ ಮೊಫಸಿಲ್ ಆದೆವು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಬಳ್ಳಾರಿಯನ್ನು ಕನ್ನಡನಾಡಿಗೆ ಸೇರಿಸುವ ಹೋರಾಟದಲ್ಲಿ ರಂಜಾನ್ ಸಾಬ್ ಪ್ರಾಣವನ್ನೇ ತೆತ್ತರು. ಇಷ್ಟು ಬೆಲೆ ಕೊಟ್ಟು ಕನ್ನಡನಾಡಿಗೆ ಸೇರಿದ ಜಿಲ್ಲೆಯನ್ನು ಕನ್ನಡ ಪತ್ರಿಕೆಯೇ ಪರರ ಆಡಳಿತದ ಮಾತಿನಿಂದ ಕರೆದಾಗ ನೋವಾಗುತ್ತದೆ.

ನೋವಿಗಿಂತ ದೊಡ್ಡದು ಸುದ್ದಿಗಾಗುವ ನಷ್ಟ. ನಮ್ಮ ಜಿಲ್ಲೆಯ ಸಿರುಗುಪ್ಪ ತುಂಗಭದ್ರೆಯ ನೀರು ನಂಬಿದ ಭತ್ತದ ಸೀಮೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಕೊನೆಯ ಹೊಲದವರೆಗೆ ಮುಟ್ಟುತ್ತದೋ ಇಲ್ಲವೋ ಎಂಬುದು ಅಲ್ಲಿನ ಬದುಕಿನ ಪ್ರಶ್ನೆ. ದೊಡ್ಡಬಸವೇಶ್ವರನ ಊರಾದ ಕುರುಗೋಡಿನ ಸುತ್ತಲಿನ ರೈತರು ಬೆಳೆದ ಮೆಣಸಿನಕಾಯಿ ಹೇರಿಕೊಂಡು ದೂರದ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತಾರೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವವರ ಕೂಲಿ, ಕರೆಂಟಿನ ಚಿಂತೆ ಬೇರೆ. ಒಂದೇ ಜಿಲ್ಲೆಯ ಮೂರು ಊರುಗಳ ಕಷ್ಟಸುಖ ಮೂರು ಬಗೆಯವು. ಮೊಫಸಿಲ್ ಎಂದೊಡನೆ ಮೂರೂ ಮರೆಯಾಗುತ್ತವೆ.

ಬದಲಿಗೆ ‘ಗ್ರಾಮೀಣ’ ಎಂದು ಬರೆದರೂ ಸರಿಹೋಗದು. ಬಳ್ಳಾರಿ ಗ್ರಾಮೀಣ ವಿಧಾನಸಭಾ ಕ್ಷೇತ್ರದಲ್ಲಿ ನಗರದ ವಾರ್ಡುಗಳೂ ಇವೆ. ಅಲ್ಲಿನವರ ಬೇಡಿಕೆ ಒಳಚರಂಡಿ, ಕುಡಿಯುವ ನೀರು. ಅವರನ್ನು ಹಳ್ಳಿಗರೆಂದು ಬರೆದರೆ ಓದುಗರಿಗೆ ಏನು ತಿಳಿದೀತು?

ನನ್ನ ಕೋರಿಕೆ ಎರಡು. ವರದಿಯಲ್ಲಿ ಊರಿನ ಹೆಸರು, ತಾಲ್ಲೂಕಿನ ಹೆಸರು ಇರಲಿ. ಎರಡನೆಯದು ಹೆಚ್ಚು ಮುಖ್ಯ: ಸಿರುಗುಪ್ಪದ ಸುದ್ದಿಯನ್ನು ಸಿರುಗುಪ್ಪದವರು ಮಾತ್ರ ಓದುವ ಪುಟಕ್ಕೆ ಸೀಮಿತಗೊಳಿಸಬೇಡಿ. ತುಂಗಭದ್ರೆಯ ಕಾಲುವೆ ಬತ್ತಿದರೆ ಅಕ್ಕಿಯ ಬೆಲೆಯ ಬಿಸಿ ಬೆಂಗಳೂರಿನ ಅಡುಗೆಮನೆಗೂ ತಟ್ಟುತ್ತದೆ. ನಾವು ನಿಮ್ಮ ಮೆಟ್ರೊ, ನಿಮ್ಮ ರಸ್ತೆಗುಂಡಿಗಳ ಸುದ್ದಿಯನ್ನು ದಿನವೂ ಓದುತ್ತೇವೆ. ನಮ್ಮ ನೀರಿನ ಸುದ್ದಿಯನ್ನು ನಿಮ್ಮ ಊರಿನವರೂ ಓದುವಂತೆ ಮಾಡಿ.

ಇಂತಿ,
ಬಳ್ಳಾರಿಯ ಓದುಗ